ವಿಳಾಸದ ಮೊದಲ ಎರಡು ಅಂಕಿಗಳು

ಶ್ರೀ

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ.

ಈ ಬರಹವನ್ನು ತಮ್ಮ ಅವಗಾಹನೆಗೆ ಒಪ್ಪಿಸುವ ಮುನ್ನ ಇದರ ಕಾಗುಣಿತ ಮತ್ತು ಕೈಬರಹಕ್ಕಾಗಿ ಕ್ಷಮೆ ಬೇಡುವುದು ನನ್ನ ಕರ್ತವ್ಯ. ನನ್ನ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುತ್ತವೆ. ಯಾವ ಅಕ್ಷರದ ಹೊಟ್ಟೆ ಸೀಳಬೇಕು, ಯಾವುದರದು ಬೇಡ ಎಂಬ ಅನುಮಾನ ಶಾಲೆಯಲ್ಲಿ ಹಿಡಿದದ್ದು ಇಂದಿಗೂ ಬಿಟ್ಟಿಲ್ಲ. ಇದುವರೆಗೆ ನಾನು ಬರೆದದ್ದೆಲ್ಲ ಕಚೇರಿಯ ಪತ್ರಗಳೇ. ಅವುಗಳಲ್ಲಿ ವಿಷಯ ಎಂದೊಂದು ಸಾಲು, ಉಲ್ಲೇಖ ಎಂದೊಂದು ಸಾಲು ಇರುತ್ತದೆ. ಅವೆರಡನ್ನು ಸರಿಯಾಗಿ ಬರೆದರೆ ಉಳಿದದ್ದು ತಾನಾಗಿ ಬರುತ್ತದೆ. ಇಲ್ಲಿ ವಿಷಯವಿದೆ. ಉಲ್ಲೇಖಿಸಲು ನನ್ನ ನೆನಪಿನ ಹೊರತು ಬೇರೆ ಕಡತವಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹೊನ್ನಾವರದಲ್ಲಿ, ಮೀನುಗಾರಿಕೆಯ ದೋಣಿಗಳಿಗೆ ಮಂಜುಗಡ್ಡೆ ಮತ್ತು ಡೀಸೆಲ್ ಒದಗಿಸುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ನಿರ್ವಾಹಕನಾಗಿದ್ದೆ. ಹುದ್ದೆ ತಾತ್ಕಾಲಿಕ. ಸಂಸ್ಥೆಗೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಒಂದೊಂದು ಕೇಂದ್ರವಿತ್ತು. ಪ್ರಾಯೋಗಿಕ ಯೋಜನೆಯೊಂದರಡಿ ಬಂದ ಕಂಪ್ಯೂಟರನ್ನು ನಡುವಿನ ಊರೆಂಬ ಕಾರಣಕ್ಕೆ ಹೊನ್ನಾವರದಲ್ಲಿ ಇರಿಸಿದ್ದರು. ಉಳಿದ ಎರಡು ಕೇಂದ್ರಗಳಲ್ಲಿ ಇದ್ದದ್ದು ಬರಿಯ ಪರದೆ ಮತ್ತು ಕೀಲಿಮಣೆ. ಅಲ್ಲಿ ಒತ್ತಿದ್ದು ಬಾಡಿಗೆಯ ಟೆಲಿಫೋನ್ ತಂತಿಯ ಮೇಲೆ ಹರಿದು ನನ್ನ ಕೋಣೆಯ ಯಂತ್ರಕ್ಕೆ ಬರುತ್ತಿತ್ತು. ಯಾವ ದೋಣಿ ಎಷ್ಟು ಮಂಜುಗಡ್ಡೆ ಒಯ್ದಿತು ಎಂದು ಅವರು ತುಂಬುತ್ತಿದ್ದರು. ಯಂತ್ರವು ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಆ ಕೋಣೆಯ ಬಗ್ಗೆ ಕೆಲವು ಮಾತು. ಯಂತ್ರಕ್ಕೆ ಉಪ್ಪುಗಾಳಿ ತಾಗಬಾರದೆಂದು ಕಿಟಕಿಗಳಿಗೆ ಗಾಜು ಹಾಕಿ ಅಂಚಿಗೆ ಅಂಟು ಬಳಿದಿದ್ದರು. ಶರಾವತಿಯ ಹೊಳೆ ಕೂಗಳತೆಯಲ್ಲಿದ್ದರೂ ನನಗೆ ಕೇಳುತ್ತಿದ್ದುದು ತಂಪು ಮಾಡುವ ಯಂತ್ರದ ಮೊರೆತ ಮಾತ್ರ. ಚಪ್ಪಲಿಯ ಮರಳು ಒಳಗೆ ಬರುತ್ತದೆಂದು ಯಾರಿಗೂ ಪ್ರವೇಶವಿರಲಿಲ್ಲ. ಚಹಾ ತರುವವನು ಲೋಟವನ್ನು ಬಾಗಿಲ ಹೊರಗಿನ ಸ್ಟೂಲಿನ ಮೇಲಿಟ್ಟು ಗಾಜು ಬಡಿದು ಹೋಗುತ್ತಿದ್ದ. ಸಂಜೆ ಖಾನಾವಳಿಯಲ್ಲಿ ಗೋಡೆಗೆ ಮುಖಮಾಡಿದ ಮೇಜಿನಲ್ಲಿ ಉಂಡು, ಬಂದರಿನ ದಾರಿಯ ಬಾಡಿಗೆ ಕೋಣೆಗೆ ಹೋಗಿ ಮಲಗುತ್ತಿದ್ದೆ. ನನ್ನ ಊರು ಕಾಗಾಲ ದೂರವೇನಲ್ಲ. ಆದರೆ ಅಲ್ಲಿರುವುದು ಅಣ್ಣನ ಸಂಸಾರ. ಕೆಲಸ ಹೋದರೆ ಅವನ ಜಗಲಿಯಲ್ಲಿ ಹೋಗಿ ಕುಳಿತುಕೊಳ್ಳಬೇಕು. ಅವನು ಏನೂ ಅನ್ನುವುದಿಲ್ಲ. ಅವನು ಏನೂ ಅನ್ನದೆ ಇರುವುದನ್ನು ನಾನು ದಿನವೂ ಕೇಳಬೇಕು. ಈ ಹುದ್ದೆ ಖಾಯಂ ಆಗುತ್ತದೆಯೇ ಇಲ್ಲವೇ ಎಂಬುದೊಂದೇ ಆ ದಿನಗಳ ನನ್ನ ಚಿಂತೆ.

ತಂತಿಯ ವಿಷಯದಲ್ಲಿ ಒಂದು ನಿಯಮವಿತ್ತು. ಅಂಕಿ ಹರಿಯುವುದೂ ಮಾತು ಹರಿಯುವುದೂ ಅದೇ ತಂತಿಯ ಮೇಲೆ. ಮಾತನಾಡಿದರೆ ಅಂಕಿ ನಿಲ್ಲುತ್ತದೆ. ಆದುದರಿಂದ ಯಂತ್ರ ನಡೆಯುತ್ತಿರುವಾಗ ಯಾರೂ ಮಾತಿನ ಗುಂಡಿ ಒತ್ತತಕ್ಕದ್ದಲ್ಲ. ಯಂತ್ರ ನಿಂತಾಗ ಮಾತ್ರ, ದೋಷವನ್ನು ವಿಚಾರಿಸುವ ಸಲುವಾಗಿ ಮಾತನಾಡಬಹುದು. ಸುತ್ತೋಲೆಯ ಮಾತು ಇಷ್ಟೇ. ಇದರ ಪರಿಣಾಮವಾಗಿ ನಾನು ಇಡೀ ದಿನದಲ್ಲಿ ಮನುಷ್ಯರೊಂದಿಗೆ ಆಡುವ ಮಾತುಗಳೆಲ್ಲ ಯಂತ್ರ ಕೆಟ್ಟಾಗ ಆಡುವವೇ ಆಗಿದ್ದವು.

ಈಗ ದೋಷದ ಬಗ್ಗೆ ಹೇಳಬೇಕು. ಇದು ಕೇಳಲು ಕಷ್ಟವಾದರೂ ನಿಜವಾಗಿ ಸರಳ. ಯಂತ್ರದ ನೆನಪನ್ನು ಪುಟಪುಟವಾಗಿ ಹಂಚಿರುತ್ತದೆ. ಪ್ರತಿ ಜಾಗಕ್ಕೂ ಒಂದು ವಿಳಾಸವಿದೆ. ಕೆಲಸದ ನಡುವೆ ಇಲ್ಲದ ಪುಟದ ವಿಳಾಸವನ್ನು ಯಾರಾದರೂ ಕೇಳಿದರೆ ಯಂತ್ರವು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ, ಮತ್ತು ನಿಲ್ಲುವ ಮೊದಲು ತಾನು ಹುಡುಕಿದ ವಿಳಾಸವನ್ನು ಪ್ರಿಂಟರಿನಲ್ಲಿ ಒಂದು ಸಾಲಾಗಿ ಹೊಡೆಯುತ್ತದೆ. ಅದೇ ದೋಷದ ವರದಿ. ವಿಳಾಸಕ್ಕೆ ಎಂಟು ಅಂಕಿ. ಅವುಗಳಲ್ಲಿ ಜಾಗವನ್ನು ಹೇಳುವವು ಹಿಂದಿನ ಆರು ಮಾತ್ರ. ಮುಂದಿನ ಎರಡನ್ನು ಯಂತ್ರ ನೋಡುವುದೇ ಇಲ್ಲ. ನೋಡದ ಆ ಜಾಗವನ್ನು ಸುಮ್ಮನೆ ಬಿಡುವುದೇಕೆ ಎಂದು ನಮ್ಮ ಮುಖ್ಯ ಕಚೇರಿಯ ಎಂಜಿನಿಯರರು ಅಲ್ಲಿ ಒಂದು ಗುರುತು ಇಟ್ಟಿದ್ದರು: ಹೊನ್ನಾವರದ ಕೆಲಸಕ್ಕೆ ಸೊನ್ನೆ ಸೊನ್ನೆ, ಭಟ್ಕಳಕ್ಕೆ ಸೊನ್ನೆ ಒಂದು, ಕುಮಟಾಕ್ಕೆ ಸೊನ್ನೆ ಎರಡು.

ಕುಮಟಾದ ಪೇಟೆಯಲ್ಲಿ ಮೀನು ಮಾರುವ ಹೆಂಗಸರ ಬುಟ್ಟಿಗಳನ್ನು ಟೆಂಪೋದ ತಲೆಯ ಮೇಲೆ ಏರಿಸುವುದನ್ನು ತಾವು ಕಂಡಿರಬಹುದು. ಒಬ್ಬಳು ಬುಟ್ಟಿಯ ಅಂಚಿಗೆ ಕೆಂಪು ಚಿಂದಿ ಕಟ್ಟಿರುತ್ತಾಳೆ, ಇನ್ನೊಬ್ಬಳು ಹಳದಿ, ಮತ್ತೊಬ್ಬಳು ಏನೂ ಕಟ್ಟುವುದಿಲ್ಲ. ಕಟ್ಟದಿರುವುದೇ ಅವಳ ಗುರುತು. ಏರಿಸುವ ಹುಡುಗ ಚಿಂದಿಯನ್ನು ನೋಡುವುದಿಲ್ಲ, ಅವನಿಗೆ ಬುಟ್ಟಿ ಕೂರುವ ಜಾಗ ಸಿಕ್ಕರೆ ಸಾಕು. ಆದರೆ ದಾರಿಯಲ್ಲಿ ಬುಟ್ಟಿಯೊಂದು ಬಿದ್ದರೆ ಎಲ್ಲರೂ ಮೊದಲು ಚಿಂದಿಯನ್ನೇ ನೋಡುತ್ತಾರೆ. ಆ ಎರಡು ಅಂಕಿಗಳೂ ಹಾಗೆಯೇ ಇದ್ದವು.

ಸೊನ್ನೆ ಒಂದು ಬಂದರೆ ನಾನು ಭಟ್ಕಳಕ್ಕೆ ಗುಂಡಿ ಒತ್ತುತ್ತಿದ್ದೆ. ಅಲ್ಲಿಯ ನಿರ್ವಾಹಕರು ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ನನ್ನೊಂದಿಗೆ ಕನ್ನಡ ಆಡುವ ನಗೆಗಾರ ಮನುಷ್ಯ.

"ಅರೇ ಭಾಯ್, ನಿಮ್ಮ ಡಬ್ಬಿ ಮತ್ತೆ ಮಲಗ್ತಾ? ಬೇಗ ಎಬ್ಬಿಸಿ. ಇಲ್ಲಿ ತೆಂಗಿನಗುಂಡಿ ಬಂದರಿನವರು ಐಸ್ ಸಿಗದಿದ್ರೆ ನನ್ನೇ ಒಡ್ದು ದೋಣಿಗೆ ತುಂಬ್ತಾರೆ."

"ಏನು ಒತ್ತಿದಿರಿ ಭಾಯ್?"

"ಒತ್ತಿದ್ದು ನಾನಲ್ಲ, ನನ್ನ ಮೊಣಕೈ. ಬರ್ಕೊಳ್ಳಿ, ಮೊಣಕೈ ದೋಷ."

ಅವರ ದೋಷಗಳು ಅಪರೂಪ. ಹೆಚ್ಚಾಗಿ ಬರುತ್ತಿದ್ದುದು ಸೊನ್ನೆ ಎರಡು. ಕುಮಟಾದಲ್ಲಿದ್ದವರು ವಯಸ್ಸಾದ ಒಬ್ಬ ಮಹಿಳಾ ಗುಮಾಸ್ತರು. ನಾನು ಅವರನ್ನು ಕಂಡಿರಲಿಲ್ಲ. ಮೊದಲ ಕರೆಯಲ್ಲಿ 'ಮೇಡಂ' ಎಂದೆ; ಅವರು, "ಮೇಡಮ್ಮು ಗೀಡಮ್ಮು ಬೇಡ, ಅಕ್ಕ ಅನ್ನು ಸಾಕು" ಎಂದರು. ಅಂದಿನಿಂದ ನಾನು ಅವರಿಗೆ ತಮಾ.

"ಎಂತ ತಮಾ, ಇವತ್ತೂ ಹೋತಾ?"

"ಹೋಯ್ತು ಅಕ್ಕ. ನಿಮ್ಮ ಕಡೆಯದೇ. ಏನು ಒತ್ತಿದಿರಿ?"

"ನಾ ಎಂತದೂ ಒತ್ತಲಿಲ್ಲಾ ಮಾರಾಯಾ. ಬಂದು ಕೂತ್ಕಂಡೆ, ಅಷ್ಟೇಯಾ. ಕೂತಿದ್ದಕ್ಕೂ ಕೆಡ್ತದ್ಯಾ ಅದು?"

"ಕೆಲಸ ಶುರು ಮಾಡಿದ್ದಿರಾ?"

"ಇಲ್ಲಪ್ಪಾ, ಒಂದು ದೋಣಿ ಹೆಸರೂ ಹಾಕ್ಲಿಲ್ಲ. ಅದಿರ್ಲಿ, ನಿಂಗೆ ನಿನ್ನೆ ಊಟಕ್ಕೆ ಎಂತ ಇತ್ತು?"

ಯಂತ್ರವನ್ನು ಮತ್ತೆ ಎಬ್ಬಿಸಲು ತಗಲುವಷ್ಟು ಹೊತ್ತು ತಂತಿ ನಮ್ಮದು. ಖಾನಾವಳಿಯ ಸಾರಿನಲ್ಲಿ ಕೊಕ್ಕಂ ಸಾಲದು ಎಂದು ನಾನು ಹೇಳುತ್ತಿದ್ದೆ. ಅಘನಾಶಿನಿ ಹೊಳೆಯ ಕಡೆಯಿಂದ ಬಳಚಿನ ಚಿಪ್ಪು ಬಂದಿದೆ, ಕಾಯಿತುರಿ ಹಾಕಿ ಸುಕ್ಕೆ ಮಾಡಿದ್ದೇನೆ, ತಂತಿಯಲ್ಲಿ ಕಳಿಸಲು ಆಗುವುದಿಲ್ಲ ನೋಡು ಎಂದು ಅವರು ನಗುತ್ತಿದ್ದರು. ಪರದೆಗೆ ಜೀವ ಬಂದೊಡನೆ, "ಆತು, ಬಂತು, ಇಡು" ಎನ್ನುತ್ತಿದ್ದರು. ನಾನು ಇಡುತ್ತಿದ್ದೆ. ಆಮೇಲೆ ಸಂಜೆಯವರೆಗೆ ಮೊರೆತವೇ.

ವರದಿಗಳನ್ನು ಪ್ರತಿವಾರ ಮುಖ್ಯ ಕಚೇರಿಗೆ ಕಳುಹಿಸುತ್ತಿದ್ದೆ. ಕುಮಟಾದ ದೋಷ ತಂತಿಯ ಕಿರಿಕಿರಿಯಿಂದ ಆಗುತ್ತಿರಬಹುದು ಎಂದು ಅವರು ಭಾವಿಸಿದರು, ನಾನೂ ಹಾಗೆಯೇ ಭಾವಿಸಿದೆ.

ಒಂದು ಮಳೆಗಾಲದಲ್ಲಿ, ದೋಣಿಗಳು ದಡವೇರಿ ಕೆಲಸ ತೆಳುವಾಗಿದ್ದಾಗ, ಮುಖ್ಯ ಕಚೇರಿಯಿಂದ ಹೊಸ ಟೇಪು ಬಂತು. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮನ್ನು ಅದರಲ್ಲಿ ತಿದ್ದಿ ಕಳುಹಿಸಿದ್ದರು. ಸೂಚನೆಯಂತೆ ಅದನ್ನು ಏರಿಸಿದೆ. ನೂಲ ಹುಣ್ಣಿಮೆ ಕಳೆದು ದೋಣಿಗಳು ನೀರಿಗಿಳಿದವು. ಯಂತ್ರ ಮೊದಲಿಗಿಂತ ಕಡಿಮೆ ಸಲ ನಿಲ್ಲುತ್ತಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ನಿಂತಾಗಲೆಲ್ಲ ಪ್ರಿಂಟರು ಹೊಡೆದ ವಿಳಾಸದ ತಲೆಯಲ್ಲಿ ಸೊನ್ನೆ ಸೊನ್ನೆಯೇ ಇತ್ತು.

ಸೊನ್ನೆ ಸೊನ್ನೆ ಎಂದರೆ ನಾನು.

ನನ್ನ ಕೇಂದ್ರದ ದೋಷಕ್ಕೆ ನಾನು ಯಾರನ್ನು ಕರೆದು ವಿಚಾರಿಸಲಿ? ನನ್ನನ್ನೇ ವಿಚಾರಿಸಿಕೊಂಡೆ. ಏನು ಒತ್ತಿದೆ, ಯಾವಾಗ ಒತ್ತಿದೆ ಎಂದು ಯೋಚಿಸಿ ತಲೆ ಕಾಯುತ್ತಿತ್ತು. ಬೆರಳು ಜಾರಿರಬಹುದೆಂದು ನಿಧಾನವಾಗಿ ಒತ್ತತೊಡಗಿದೆ. ಆಮೇಲೆ ಬೆಳಗಿನ ಹೊತ್ತು ಕೀಲಿಮಣೆಯನ್ನು ಮುಟ್ಟುವುದನ್ನೇ ಬಿಟ್ಟು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತೆ. ಆಗಲೂ ಸೊನ್ನೆ ಸೊನ್ನೆ ಬಂತು. ಕೈ ಮುಟ್ಟದೆಯೂ ನನ್ನಿಂದ ತಪ್ಪಾಗುತ್ತಿದೆ ಎಂಬುದನ್ನು ನಾನು ನಂಬಿದೆ ಎಂದರೆ ತಾವು ನಗಬಾರದು. ದಿನವಿಡೀ ಒಬ್ಬನೇ ಇರುವವನಿಗೆ ತನ್ನ ಮೇಲೆ ಯಾವ ಅನುಮಾನವನ್ನೂ ನಂಬುವುದು ಸುಲಭ.

ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ಕಾರಣ ಕೇಳಿ ಪತ್ರ ಬಂತು. ಹೊನ್ನಾವರ ಕೇಂದ್ರದ ನಿರ್ವಾಹಕರ ಅಜಾಗರೂಕತೆಯಿಂದ ಮೂರೂ ಕೇಂದ್ರಗಳ ಕೆಲಸ ನಿಲ್ಲುತ್ತಿದೆಯೆಂದೂ, ದೀಪಾವಳಿಯೊಳಗೆ ಸುಧಾರಣೆ ಕಾಣದಿದ್ದಲ್ಲಿ ತಾತ್ಕಾಲಿಕ ಹುದ್ದೆಯನ್ನು ಮುಂದುವರಿಸುವುದು ಕಷ್ಟವೆಂದೂ ಅದರಲ್ಲಿತ್ತು. ನಮ್ಮ ಮ್ಯಾನೇಜರರು ಅದನ್ನು ಗಾಜಿನ ಬಾಗಿಲ ಹೊರಗೇ ನಿಂತು ನನಗೆ ತೋರಿಸಿ, ಬಾಗಿಲನ್ನು ಸ್ವಲ್ಪವೇ ತೆರೆದು ಕೊಟ್ಟರು.

"ಎಂತ ಉತ್ತರ ಬರೀತ್ರಿ?"

"ತಪ್ಪಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬರೆಯುತ್ತೇನೆ ಸರ್."

"ಅದು ಉತ್ತರ ಅಲ್ಲ ಮಾರಾಯ್ರೆ, ಅದು ಒಪ್ಪಿಗೆ. ನಾಳೆವರೆಗೆ ಯೋಚನೆ ಮಾಡಿ."

ಮರುದಿನ ಬೆಳಿಗ್ಗೆ ಯಂತ್ರ ಮತ್ತೆ ನಿಂತಿತು. ಸೊನ್ನೆ ಸೊನ್ನೆ. ನಾನು ಕೈಕಟ್ಟಿ ಕುಳಿತಿದ್ದಾಗಲೇ ಫೋನು ಬಡಿದುಕೊಂಡಿತು. ಕುಮಟಾದ ಕಡೆಯಿಂದ ತಾನಾಗಿ ಕರೆ ಬಂದದ್ದು ಅದೇ ಮೊದಲು.

"ತಮಾ, ಮೈಗೆ ಹುಷಾರಿಲ್ಯಾ?"

"ಇದ್ದೇನೆ ಅಕ್ಕ."

"ಹಂಗಾರೆ ನನ್ ಮೇಲೆ ಸಿಟ್ಟಾ? ಡಬ್ಬಿ ನಿಂತ್ರೂ ಒಂದ್ ಫೋನಿಲ್ಲ. ಮುದುಕಿ ಸತ್ಲಾ ಇದ್ಲಾ ಅಂತ ಬೇಡವಾ?"

"ಅದು ನಿಮ್ಮ ದೋಷವಲ್ಲ ಅಕ್ಕ. ನನ್ನದು. ಅದಕ್ಕೆ ನಿಮ್ಮನ್ನು ಯಾಕೆ ಕೇಳಬೇಕು?"

"ನಿನ್ದಾ? ನಾ ಬಂದು ಕೂತ್ಕಂಡ ಕೂಡ್ಲೇ ನಿಂತದೆ, ಮುಂಚಿನ ಹಾಂಗೇ. ನಿಂದು ಹ್ಯಾಂಗೆ ಆತದೆ?"

ನೋಡುತ್ತೇನೆ ಅಕ್ಕ ಎಂದು ಫೋನು ಇಟ್ಟೆ. ಯಂತ್ರವನ್ನು ಎಬ್ಬಿಸಿ, ಹಳೆಯ ವರದಿಯ ಹಾಳೆಗಳನ್ನು ಹೊಸದರ ಪಕ್ಕದಲ್ಲಿ ಹರಡಿದೆ. ಮಳೆಗಾಲಕ್ಕೆ ಮುಂಚೆ ಮೂರು ಬಗೆಯ ತಲೆಗಳಿದ್ದವು. ಟೇಪು ಬಂದ ಮೇಲೆ ಒಂದೇ ಬಗೆ. ಭಟ್ಕಳದವರ ಮೊಣಕೈ ಕೂಡ ಒಂದೇ ಒಂದು ಸಲವೂ ಜಾರಿರಲಿಲ್ಲ. ಅದನ್ನು ನಂಬುವುದು ಕಷ್ಟವಾಗಿತ್ತು.

ಎಂಜಿನಿಯರರಿಗೆ ಪತ್ರ ಬರೆದೆ. ತಪ್ಪು ನನ್ನದಲ್ಲ ಎಂದು ಬರೆಯುವ ಧೈರ್ಯವಾಗಲಿಲ್ಲ. ಹೊಸ ಟೇಪಿನ ನಂತರದ ವರದಿಗಳಲ್ಲಿ ಕೇಂದ್ರದ ಗುರುತು ಕಾಣಿಸುತ್ತಿಲ್ಲವೆಂದೂ, ಅದು ಉದ್ದೇಶಪೂರ್ವಕವೇ ಎಂದು ತಿಳಿಸಿ ಉಪಕರಿಸಬೇಕೆಂದೂ ಮಾತ್ರ ವಿನಂತಿಸಿಕೊಂಡೆ. ಅವರು ಉತ್ತರ ಬರೆಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ತಾವೇ ಬಂದಿಳಿದರು. ನನಗಿಂತ ಸ್ವಲ್ಪವೇ ದೊಡ್ಡವರು. ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಒಳಗೆ ಬಂದು ಹಾಳೆಗಳನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಒರೆಸಿದ್ದು ನಾನೇ ಕಣ್ರೀ. ನೀವು ಬರೆದದ್ದು ಓದಿದ ಕೂಡಲೇ ಹೊಳೀತು."

ಅವರು ವಿವರಿಸಿದರು. ಯಂತ್ರ ಗುರುತನ್ನು ನೋಡದಿದ್ದರೂ, ಕೂಡಲೇ ಕೈಗೆ ಸಿಗದ ಪುಟವನ್ನು ಪ್ರೋಗ್ರಾಮು ಒಂದು ಪಟ್ಟಿಯಲ್ಲಿ ಹುಡುಕುತ್ತದೆ, ಆ ಪಟ್ಟಿಯ ವಿಳಾಸಗಳಿಗೆ ಗುರುತು ಇರುವುದಿಲ್ಲ. ಗುರುತು ಸಮೇತ ಹುಡುಕಿದರೆ ಇರುವ ಪುಟವೂ ಸಿಗುವುದಿಲ್ಲ. ಹಳೆಯ ಪ್ರೋಗ್ರಾಮು ಹಾಗೆ ಹುಡುಕಿ ಎಷ್ಟೋ ಸಲ ವೃಥಾ ನಿಲ್ಲುತ್ತಿತ್ತು. ಅದಕ್ಕಾಗಿ ಅವರು ಹುಡುಕುವ ಮೊದಲು ತಲೆಯ ಎರಡು ಅಂಕಿಗಳನ್ನು ಸೊನ್ನೆ ಮಾಡಿದರು. ಅದು ಸರಿಯೇ. ಆದರೆ ಹುಡುಕಿ ಸಿಗದೆ ಹೋದಾಗ ವರದಿಗೆ ಹೋದದ್ದೂ ಆ ಒರೆಸಿದ ವಿಳಾಸವೇ ಆಗಿತ್ತು.

"ಚಿಂದಿ ಬಿಚ್ಚಿದ ಬುಟ್ಟಿಗಳೆಲ್ಲ ಕಟ್ಟದವಳ ಲೆಕ್ಕಕ್ಕೆ ಬಂದ ಹಾಗೆ ಆಯಿತು ಸರ್" ಎಂದೆ, ಮತ್ತು ಟೆಂಪೋದ ಸಂಗತಿಯನ್ನು ಹೇಳಿದೆ. ಅವರು ಗಟ್ಟಿಯಾಗಿ ನಕ್ಕರು. ಆ ಕೋಣೆಯೊಳಗೆ ಇನ್ನೊಬ್ಬರು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಹುಡುಕೋಕೆ ಒಂದು ನಕಲು ಮಾಡಿಕೊಂಡು ಅದನ್ನ ಒರೆಸಬೇಕಿತ್ತು. ಹೇಳೋಕೆ ಬಂದದ್ದನ್ನ ಬಂದ ಹಾಗೇ ಹೇಳಬೇಕಿತ್ತು. ಕೊಡಿ, ಈಗಲೇ ತಿದ್ದೋಣ."

ತಿದ್ದುಪಡಿ ಮಧ್ಯಾಹ್ನದೊಳಗೆ ಮುಗಿಯಿತು. ಮರುದಿನ ಬೆಳಿಗ್ಗೆ ಯಂತ್ರ ನಿಂತಾಗ ನಾವಿಬ್ಬರೂ ಪ್ರಿಂಟರಿನ ಮುಂದೆ ಬಾಗಿ ನಿಂತಿದ್ದೆವು. ಸೊನ್ನೆ ಎರಡು. ಮ್ಯಾನೇಜರರು ಗಾಜಿನ ಆಚೆಯಿಂದ ಹುಬ್ಬಿನಲ್ಲೇ ಕೇಳಿದರು. ನಾನು ಎರಡು ಬೆರಳು ಎತ್ತಿ ತೋರಿಸಿದೆ. ಅವರ ಮುಖ ಸಡಿಲವಾಯಿತು. ನನಗೆ ನೆಮ್ಮದಿಯಾಗಬೇಕಿತ್ತು. ಆಯಿತು ಕೂಡ. ಆದರೆ ಎತ್ತಿದ ಬೆರಳುಗಳನ್ನು ಇಳಿಸುವಾಗ, ನಾನು ಒಬ್ಬರ ಕಡೆಗೆ ಕೈ ತೋರಿಸಿದ್ದೇನೆ ಎನ್ನಿಸಿತು. ಇನ್ನು ಕಾರಣ ಕೇಳುವ ಪತ್ರ ಕುಮಟಾಕ್ಕೆ ಹೋಗುತ್ತದೆ.

"ಪತ್ರ ಗಿತ್ರ ಆಮೇಲೆ. ಮೊದಲು ಹೋಗಿ ನೋಡೋಣ" ಎಂದರು ಎಂಜಿನಿಯರರು.

ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟೆವು. ಯಂತ್ರ ನಿಂತರೆ ಪ್ರಿಂಟರಿನ ಸಾಲನ್ನು ಓದಿ ಹೇಳಲು ಮ್ಯಾನೇಜರರೇ ಚಪ್ಪಲಿ ಬಿಟ್ಟು ನನ್ನ ಕುರ್ಚಿಯಲ್ಲಿ ಕುಳಿತರು. ಕುಮಟಾದ ಕೇಂದ್ರ ಮಂಜುಗಡ್ಡೆಯ ಗೋದಾಮಿನ ಪಕ್ಕದ ಕೋಣೆ. ನೆಲ ಯಾವಾಗಲೂ ಒದ್ದೆ. ಹೊರಗೆ ಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ಬುಟ್ಟಿ ಹಿಡಿದು ಸರದಿಗೆ ಜಗಳವಾಡುವ ಹೆಂಗಸರು. ಒಳಗೆ ದಪ್ಪ ಕನ್ನಡಕದ, ಗುಬ್ಬಿಯಂತೆ ಸಣ್ಣಗಿನ ಒಬ್ಬರು ಪರದೆಯನ್ನು ಸೆರಗಿನಿಂದ ಒರೆಸುತ್ತಿದ್ದರು. ನಾನು ಬಾಯಿ ತೆರೆದು "ಅಕ್ಕ" ಎಂದ ಕೂಡಲೇ ತಿರುಗಿದರು.

"ನೀನೇಯಾ ತಮಾ? ಧ್ವನಿ ಕೇಳಿ ಎಂತಾ ದೊಡ್ಡ ಆಳು ಅಂದ್ಕಂಡಿದ್ದೆ! ಖಾನಾವಳಿಯವ ಅನ್ನ ಹಾಕ್ತ್ನಾ ಇಲ್ಲ ತೋರ್ಸಿ ಕಳಿಸ್ತ್ನಾ?"

ಎಂಜಿನಿಯರರು ತಮ್ಮ ಪರಿಚಯ ಹೇಳಿ, ದಿನಾ ಬೆಳಿಗ್ಗೆ ಏನು ಮಾಡುತ್ತೀರೋ ಅದನ್ನೇ ಮಾಡಿ ತೋರಿಸಿ ಎಂದು ಕೇಳಿಕೊಂಡರು. ಅವರು ಕುಳಿತರು. ಪರದೆಯ ಮೇಲೆ ದೋಣಿಗಳ ಪಟ್ಟಿ ಖಾಲಿಯಾಗಿ ತೆರೆದುಕೊಂಡಿತು, ಮಿಣುಕುಗೆರೆ ಮೊದಲ ಸಾಲಿನಲ್ಲಿ ಕಾಯುತ್ತಿತ್ತು. ಅವರು ಮೇಲೆ ಹೋಗುವ ಬಾಣದ ಕೀಲಿಯನ್ನು ಒಮ್ಮೆ ಒತ್ತಿ, ಮೂರು ಅಕ್ಷರ ಕುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು.

"ಈಗ ಏನು ಮಾಡಿದ್ರಿ?" ಎಂಜಿನಿಯರರು ಕೇಳಿದರು.

"ಎಂತದೂ ಇಲ್ಲ. ಇನ್ನೂ ಶುರುವೇ ಮಾಡ್ಲಿಲ್ಲ."

"ಏನೋ ಕುಟ್ಟಿದ್ರಲ್ಲ?"

"ಅದಾ? ಅದು ಶ್ರೀ. ಇಂಗ್ಲೀಷಲ್ಲಿ. ಅದನ್ನ ಎಂತಕೆ ಲೆಕ್ಕಕ್ಕೆ ಹಿಡೀತ್ರಿ?"

"ಮೊದಲ ಸಾಲಿಗಿಂತ ಮೇಲೆ ಯಾಕೆ ಬರೆದ್ರಿ?"

ಅವರು ಕನ್ನಡಕದ ಮೇಲಿನಿಂದ ಎಂಜಿನಿಯರರನ್ನು ನೋಡಿದರು. ಹಾಳೆಗೆ ತಲೆ ಯಾವುದು, ಕಾಲು ಯಾವುದು ಎಂದು ಕೇಳುವವರನ್ನು ನೋಡುವಂತೆ.

"ಮತ್ತೆ ದೋಣಿ ಸಾಲಲ್ಲಿ ಬರಿಲಾ? ಶ್ರೀ ಬರೀದೇ ಯಾರಾದ್ರೂ ಹಾಳೆ ಶುರು ಮಾಡ್ತ್ರಾ? ನಮ್ಮ ಅಪ್ಪನ ಕಾಲದಿಂದ ಬರ್ದಿದ್ದು."

"ಆದರೆ ಅಲ್ಲಿ ಜಾಗ ಇಲ್ಲ ಅಕ್ಕೋರೆ."

"ಜಾಗ ಇಲ್ದೆ ಹ್ಯಾಂಗೆ? ಬಾಣ ಮೇಲೆ ಹೋತದಲಾ!"

ಅಷ್ಟು ಹೇಳುವಷ್ಟರಲ್ಲಿ ಮಿಣುಕುಗೆರೆ ಮಿಣುಕುವುದನ್ನು ನಿಲ್ಲಿಸಿತು. ಫೋನು ಬಡಿದುಕೊಂಡಿತು. ಹೊನ್ನಾವರದಿಂದ ಮ್ಯಾನೇಜರರು, ಮನೆಗೆ ಬೆಂಕಿ ಬಿದ್ದವರಂತೆ, "ನಿಂತ್ತು! ನಿಂತ್ತು! ಸೊನ್ನೆ ಎರಡು!" ಎಂದು ಕೂಗುತ್ತಿದ್ದುದು ಗೋದಾಮಿನ ಹೆಂಗಸರಿಗೂ ಕೇಳಿಸಿರಬೇಕು.

ಸಂಗತಿ ಇದಾಗಿತ್ತು. ಮೊದಲ ಸಾಲಿನಲ್ಲಿ ನಿಂತು ಮೇಲಿನ ಬಾಣ ಒತ್ತಿದರೆ ಅದನ್ನು ತಡೆಯುವ ವ್ಯವಸ್ಥೆಯನ್ನು ಪಟ್ಟಿಯ ಪ್ರೋಗ್ರಾಮಿನಲ್ಲಿ ಯಾರೂ ಮಾಡಿರಲಿಲ್ಲ. ಮೇಲೆ ಹೋಗುವವರಿರುತ್ತಾರೆ ಎಂದು ಯಾರಿಗೂ ತೋಚಿರಲಿಲ್ಲ. ಯಂತ್ರವು ಮೊದಲ ಸಾಲಿಗಿಂತ ಹಿಂದಿನ ಸಾಲನ್ನು, ಎಂದರೆ ಪಟ್ಟಿ ಆರಂಭವಾಗುವುದಕ್ಕೂ ಹಿಂದಿನ ಪುಟವನ್ನು ಹುಡುಕುತ್ತಿತ್ತು. ಕೆಲವು ದಿನ ಅಲ್ಲಿ ಯಾವುದೋ ಪುಟ ಇರುತ್ತಿತ್ತು, ಶ್ರೀ ಅದರಲ್ಲಿ ಹೋಗಿ ಕೂರುತ್ತಿತ್ತು. ಇಲ್ಲದ ದಿನ ಯಂತ್ರ ನಿಲ್ಲುತ್ತಿತ್ತು. ಏನು ಒತ್ತಿದಿರಿ ಎಂದು ನಾನು ಕೇಳಿದಾಗಲೆಲ್ಲ ಅಕ್ಕ ಎಂತದೂ ಇಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಶ್ರೀ ಬರೆಯುವುದು ಕೆಲಸವಲ್ಲ, ಕೆಲಸಕ್ಕೂ ಮುಂಚಿನದು. ಅವರ ಜಾಗದಲ್ಲಿದ್ದರೆ ನಾನೂ ಅದೇ ಉತ್ತರ ಕೊಡುತ್ತಿದ್ದೆ.

"ತಪ್ಪು ನಮ್ಮ ಪ್ರೋಗ್ರಾಮಿನದು. ನಿಮ್ಮದಲ್ಲ. ವರದಿಯಲ್ಲಿ ಹಾಗೇ ಬರೀತೀನಿ" ಎಂದು ಎಂಜಿನಿಯರರು ಹೇಳಿದಾಗ ನನ್ನ ಎದೆಯ ಭಾರ ಇಳಿಯಿತು. ಅಕ್ಕನಿಗೆ ಅದು ದೊಡ್ಡ ಸುದ್ದಿಯಾಗಲಿಲ್ಲ.

"ಅದು ಸರಿ. ಇನ್ನು ಬಾಣ ಮೇಲೆ ಹೋಗೂಲಾ?"

"ಹೋಗದ ಹಾಗೆ ಮಾಡ್ತೀವಿ."

"ಹಂಗಾರೆ ನಾ ಎಲ್ಲಿ ಬರಿಲಿ?"

ಎಂಜಿನಿಯರರು ಸ್ವಲ್ಪ ಯೋಚಿಸಿ, ಪ್ರತಿ ಸಾಲಿನ ಕೊನೆಯಲ್ಲಿ ಷರಾ ಬರೆಯಲು ಒಂದು ಕಾಲಮಿದೆ, ಬೇಕಿದ್ದರೆ ಮೊದಲ ದೋಣಿಯ ಷರಾದಲ್ಲಿ ಬರೆಯಿರಿ ಎಂದರು. ಅಕ್ಕ ಮೂಗು ಮುರಿದರು. ತಲೆಯ ಮೇಲೆ ಇರಬೇಕಾದ್ದನ್ನು ಬಾಲಕ್ಕೆ ಕಟ್ಟಿದಂತಾಯಿತು ಎಂದು ಗೊಣಗಿ, ಆಮೇಲೆ "ಆತು" ಎಂದರು. ನಮಗೆ ಬಿಡದೆ ಬಳಚಿನ ಸುಕ್ಕೆ ಬಡಿಸಿದರು. ಅವರದೇ ಡಬ್ಬಿಯ ಊಟ. ಅವರು ಏನು ಉಂಡರೋ ತಿಳಿಯದು.

ತಿದ್ದುಪಡಿಯಾದ ಮೇಲೆ ಯಂತ್ರ ನಿಲ್ಲುವುದು ನಿಂತಿತು. ದೀಪಾವಳಿಗೆ ಮೊದಲೇ ನನ್ನ ಹುದ್ದೆ ಖಾಯಂ ಆದ ಆದೇಶ ಬಂತು. ಮ್ಯಾನೇಜರರು ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಬಂದು ಕೊಟ್ಟರು. ಕಾಗಾಲಕ್ಕೆ ಹೋಗಿ ಅಣ್ಣನಿಗೆ ತೋರಿಸಿದೆ. ನಾನು ಬಯಸಿದ್ದು ನನಗೆ ಸಿಕ್ಕಿತು ಎಂಬುದನ್ನು ಈ ಮೂಲಕ ದಾಖಲಿಸುತ್ತೇನೆ.

ಅದಾದ ಮೇಲಿನ ದಿನಗಳಲ್ಲಿ ಫೋನು ಬಡಿದುಕೊಳ್ಳಲಿಲ್ಲ. ದೋಷವಿಲ್ಲದೆ ಮಾತನಾಡತಕ್ಕದ್ದಲ್ಲ ಎಂಬ ನಿಯಮ ಹಾಗೆಯೇ ಇತ್ತು, ಮತ್ತು ಖಾಯಂ ನೌಕರನಾದ ನಾನು ಅದನ್ನು ಮುರಿಯುವವನಾಗಿರಲಿಲ್ಲ. ಭಟ್ಕಳದವರ ಮೊಣಕೈಯನ್ನೂ ಎಂಜಿನಿಯರರು ಅದೇ ತಿದ್ದುಪಡಿಯಲ್ಲಿ ಕಟ್ಟಿಹಾಕಿದ್ದರು. ಪ್ರಿಂಟರಿನ ರಿಬ್ಬನ್ನು ಒಣಗಬಾರದೆಂದು ಆಗಾಗ ಒಂದು ಖಾಲಿ ಸಾಲು ಹೊಡೆಸುತ್ತಿದ್ದೆ.

ಒಂದು ಮಾತ್ರ ಉಳಿದಿತ್ತು. ಬೆಳಿಗ್ಗೆ ಕುಮಟಾದಿಂದ ಬರುವ ಮೊದಲ ದೋಣಿಯ ಸಾಲಿನ ಕೊನೆಯಲ್ಲಿ, ಷರಾದ ಕಾಲಮಿನಲ್ಲಿ, ಆ ಮೂರು ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಅವು ಬಂದುದನ್ನು ನೋಡಿದ ಮೇಲೆಯೇ ನಾನು ಹೊರಗಿನ ಸ್ಟೂಲಿನಿಂದ ಚಹಾ ತೆಗೆದುಕೊಳ್ಳುತ್ತಿದ್ದೆ. ಅಕ್ಕ ಬಂದು ಕುಳಿತಿದ್ದಾರೆ. ಅಷ್ಟು ತಿಳಿದರೆ ನನ್ನ ಬೆಳಗು ಸರಿಯಾಗುತ್ತಿತ್ತು.

ಕೆಲವು ತಿಂಗಳ ನಂತರ ಮುಖ್ಯ ಕಚೇರಿಯಿಂದ ಆಕ್ಷೇಪಣೆ ಬಂತು. ಷರಾ ಎಂದರೆ ತಕರಾರು ಎಂದು ಅಲ್ಲಿಯ ಲೆಕ್ಕದ ವಿಭಾಗ ತಿಳಿಯುತ್ತದೆಯಾದ್ದರಿಂದ ಅನಗತ್ಯ ಅಕ್ಷರಗಳನ್ನು ತೆಗೆದು ಕಳುಹಿಸತಕ್ಕದ್ದು. ನಾನು ಎಂಜಿನಿಯರರು ಹೇಳಿದ್ದನ್ನೇ ಮಾಡಿದೆ. ವಾರದ ಟೇಪಿಗೆ ಒಂದು ನಕಲು ತೆಗೆದು, ಆ ನಕಲಿನಿಂದ ಮಾತ್ರ ಶ್ರೀಯನ್ನು ಒರೆಸಿ ಕಳುಹಿಸಿದೆ. ನಮ್ಮ ಯಂತ್ರದಲ್ಲಿ ಅದು ಬಂದ ಹಾಗೆಯೇ ಉಳಿಯಿತು.

ಒಂದು ಬೆಳಿಗ್ಗೆ ಕುಮಟಾದ ಮೊದಲ ಸಾಲು ಬಂತು. ದೋಣಿಯ ಹೆಸರು, ಮಂಜುಗಡ್ಡೆ, ಡೀಸೆಲ್. ಷರಾ ಖಾಲಿ. ಮರೆತಿರಬಹುದೆಂದು ಎರಡನೆಯ ಸಾಲಿನವರೆಗೆ ಕಾದೆ, ಮೂರನೆಯದರವರೆಗೆ ಕಾದೆ. ಮರುದಿನವೂ ಖಾಲಿಯಾಗಿಯೇ ಬಂತು. ಫೋನನ್ನು ಎತ್ತಿ ಕುಮಟಾದ ಗುಂಡಿಯ ಮೇಲೆ ಬೆರಳಿಟ್ಟೆ. ಯಂತ್ರ ಚೆನ್ನಾಗಿ ನಡೆಯುತ್ತಿತ್ತು. ಯಾವ ದೋಷವನ್ನು ವಿಚಾರಿಸಲೆಂದು ಒತ್ತಲಿ? ಹಾಗೆಯೇ ಇಟ್ಟೆ.

ಚಹಾದ ಹೊತ್ತಿಗೆ ಮ್ಯಾನೇಜರರನ್ನು ಕೇಳಿದೆ.

"ಕುಮಟಾದ ಅಕ್ಕೋರಾ? ನಿವೃತ್ತಿ ಆತಲ್ರಿ ಅವ್ರದ್ದು. ಈಗ ಹೊಸಬ ಹುಡ್ಗ ಬಂದ್ನಂತೆ, ಚುರುಕಿದ್ದಾನೆ. ನಿಮ್ಗೆ ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ತಿಳಿಸಲು ಅವರಿಗೆ ದಾರಿಯಾದರೂ ಏನಿತ್ತು? ಯಂತ್ರ ನಿಲ್ಲುವುದಿಲ್ಲವೆಂದು ನಾವೇ ಖಚಿತಪಡಿಸಿದ್ದೆವು. ಆಮೇಲೆ ಒಂದು ರವಿವಾರ ಕುಮಟಾದಲ್ಲಿ ಇಳಿದು ಗೋದಾಮಿನವರೆಗೆ ನಡೆದೆ. ಬಾಗಿಲು ಮುಚ್ಚಿತ್ತು. ಸುತ್ತಲಿನವರನ್ನು ಕೇಳೋಣವೆಂದರೆ ಅವರ ಮನೆ ಯಾವ ಕೇರಿಯಲ್ಲಿ, ಮನೆಯವರು ಯಾರು ಎಂಬುದನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ. ಯಾರನ್ನು ಹುಡುಕುತ್ತಿದ್ದೇನೆಂದು ಹೇಳಲು ನನ್ನಲ್ಲಿ ಇದ್ದದ್ದು ಸೊನ್ನೆ ಎರಡು ಮಾತ್ರ. ಅದನ್ನು ಯಾರ ಮುಂದೆ ಹೇಳುವುದು? ಮುಂದಿನ ಬಸ್ಸಿಗೆ ಹೊನ್ನಾವರಕ್ಕೆ ಮರಳಿದೆ.

ಆ ಯಂತ್ರವನ್ನು ಆಮೇಲೆ ಬದಲಾಯಿಸಿದರು. ಹಳೆಯದನ್ನು ಒಯ್ಯುವ ಮೊದಲು ನಾನು ಕುಮಟಾದ ಪಟ್ಟಿಗಳನ್ನು ಒಮ್ಮೆ ತೆರೆದು ನೋಡಿದೆ. ಅಕ್ಕನ ಶ್ರೀಗಳೆಲ್ಲ ಇದ್ದವು, ಒಂದೊಂದು ಬೆಳಗಿಗೆ ಒಂದೊಂದು.

ಈ ಬರಹದಲ್ಲಿ ತಪ್ಪುಗಳು ಬಹಳವಿರಬಹುದು. ಕಂಡಲ್ಲಿ ದಯವಿಟ್ಟು ತಿದ್ದಿಕೊಳ್ಳಬೇಕೆಂದೂ, ಸಾಧ್ಯವಾದರೆ ನನಗೂ ತಿಳಿಸಬೇಕೆಂದೂ ಕೋರುತ್ತೇನೆ. ಆದರೆ ಹಾಳೆಯ ತಲೆಯಲ್ಲಿ, ಮೊದಲ ಸಾಲಿಗಿಂತಲೂ ಮೇಲೆ ಬರೆದಿರುವ ಅಕ್ಷರ ಕೈತಪ್ಪಿ ಬಂದದ್ದಲ್ಲ. ತಿದ್ದುವಾಗ ಅದೊಂದನ್ನು ಇದ್ದ ಹಾಗೆಯೇ ಬಿಡಬೇಕಾಗಿ ವಿನಂತಿ.